ಮೆಣಸಿನಕಾಯಿ ಚೀಲಗಳ ನಡುವೆ ಮಲಗುವ ಚೀಲ

ಚಳಿಯ ವಿಷಯದಲ್ಲಿ ಬಾಯಿ ಬಿಡಲು ನನಗೆ ಯಾವ ಅಧಿಕಾರವೂ ಇಲ್ಲ ಎಂದು ಮೊದಲೇ ಒಪ್ಪಿಕೊಂಡುಬಿಡುತ್ತೇನೆ. ನಾನು ಇಳಕಲ್ಲಿನವನು. ನಮ್ಮ ಕಡೆ ಚಳಿಗಾಲವೆಂದರೆ ಫ್ಯಾನಿನ ಗುಂಡಿಯನ್ನು ಐದರಿಂದ ಮೂರಕ್ಕೆ ಇಳಿಸುವ ಕಾಲ. ಡಿಸೆಂಬರಿನಲ್ಲಿ ಬೆಳಗಿನ ಗಾಳಿ ತುಸು ತಣ್ಣಗಾದರೆ ಸಾಕು, ಇಡೀ ಊರು ಕಿವಿಗೆ ಮಫ್ಲರ್ ಸುತ್ತಿಕೊಂಡು ಚಹದಂಗಡಿಯ ಮುಂದೆ ನಿಂತು, "ಏನ್ ಥಂಡಿ ಬಿಟ್ಟೈತ್ರೀ ಈ ವರ್ಷ!" ಎಂದು ಯುದ್ಧದಿಂದ ಜೀವ ಉಳಿಸಿಕೊಂಡು ಬಂದವರ ಹಾಗೆ ಮಾತನಾಡುತ್ತದೆ. ಇಂಥ ಊರಿನಲ್ಲಿ ಹುಟ್ಟಿ ಬೆಳೆದ ನಾನು ಹುನಗುಂದದ ಒಂದು ಪ್ರೌಢಶಾಲೆಯಲ್ಲಿ ಭೂಗೋಳ ಕಲಿಸುತ್ತೇನೆ. ಹಿಮಾಲಯವನ್ನು ಪ್ರತಿವರ್ಷ ಬಿಳಿ ಸೀಮೆಸುಣ್ಣದಲ್ಲಿ ಎಬ್ಬಿಸಿ ನಿಲ್ಲಿಸಿ, ಗಂಟೆ ಬಾರಿಸಿದೊಡನೆ ಒದ್ದೆ ಬಟ್ಟೆಯಲ್ಲಿ ಒರೆಸಿ ಹಾಕುತ್ತೇನೆ. ಅದಕ್ಕೂ ನನಗೂ ಇದ್ದ ಸಂಬಂಧ ಅಷ್ಟೇ, ಮತ್ತು ಇಬ್ಬರೂ ಸುಖವಾಗಿದ್ದೆವು.

ಈ ಸುಖಕ್ಕೆ ಕಲ್ಲು ಹಾಕಿದವಳು ನನ್ನ ಹೆಂಡತಿ ಸುವರ್ಣಾ. ಅವಳು ಗುಡೂರಿನ ಸರ್ಕಾರಿ ದವಾಖಾನೆಯಲ್ಲಿ ನರ್ಸು. ಫೆಬ್ರವರಿಯ ಒಂದು ಸಂಜೆ ಎಣ್ಣೆಗಾಯಿಗೆ ಬದನೆಕಾಯಿ ಸೀಳುತ್ತಾ ಕುಳಿತವಳು, ತಲೆ ಎತ್ತದೆ, "ನಾವು ನಾಕು ಮಂದಿ ಸಿಸ್ಟರ್ ಕೂಡಿ ಮೇ ತಿಂಗಳದಾಗ ಹಿಮಾಲಯಕ್ಕ ಹೊಂಟೇವಿ. ಗುಡ್ಡ ಹತ್ತಾಕ. ಹೆಸರು ಕೊಟ್ಟು ಬಂದೇನಿ" ಎಂದಳು. ಗಮನಿಸಿ, "ಹೋಗ್ಲೇನ್ರಿ" ಎಂದಲ್ಲ, "ಹೊಂಟೇವಿ" ಎಂದು. ನಾನು ಮುಂದುವರಿದ ಗಂಡಸು. ಹೆಂಡತಿಯ ಸ್ವಾತಂತ್ರ್ಯದ ಬಗ್ಗೆ ಶಾಲೆಯ ಮಹಿಳಾ ದಿನಾಚರಣೆಯಲ್ಲಿ ಭಾಷಣ ಮಾಡಿ ಶಾಲು ಹೊದಿಸಿಕೊಂಡವನು. ಹಾಗಾಗಿ, "ಭಾಳ ಚಲೋ ಆತು ನೋಡು!" ಎಂದೆ. ಮದುವೆಯಾದ ಮೇಲೆ ಅವಳು ನನ್ನನ್ನು ಬಿಟ್ಟು ಹೋದ ಅತಿ ದೂರದ ಊರು ಧಾರವಾಡ, ಅದೂ ಇಲಾಖೆಯ ತರಬೇತಿಗೆ. ಈಗ ಒಮ್ಮೆಲೇ ಹಿಮಾಲಯ!

"ಮಲಗಾಕ ಒಂದು ಹಗುರಾದ ಚೀಲ ಬೇಕಾಗತೈತೇನೋ. ಬೆನ್ನ ಮ್ಯಾಲೆ ನಾವೇ ಹೊರಬೇಕು. ನೋಡಬೇಕ್ರಿ" ಎಂದಳು ಅವಳು.

"ಅದನ್ನ ನನಗ ಬಿಡು!" ಎಂದೆ. ನಾನು ಹಾಗೆ ಎದೆ ತಟ್ಟಿಕೊಂಡದ್ದನ್ನು ನೋಡಿ ನೀವು ನನ್ನನ್ನು ಒಳ್ಳೆಯ ಗಂಡ ಎಂದುಕೊಂಡರೆ ನನ್ನ ಅಭ್ಯಂತರವಿಲ್ಲ. ನಿಜ ಬೇರೆ. ಅವಳು ಹೋಗುವುದು ನನಗೆ ಬೇಡವಾಗಿತ್ತು. ಬೇಡ ಎನ್ನುವ ಧೈರ್ಯವೂ ಇರಲಿಲ್ಲ. ಆದರೆ ಸರಿಯಾದ ಚೀಲವೇ ಸಿಗದಿದ್ದರೆ ಯಾರೇನು ಮಾಡಲು ಸಾಧ್ಯ? ಪಾಪ, ಗಂಡ ಹಗಲಿರುಳು ಹುಡುಕಿದ, ಸಿಗಲಿಲ್ಲ, ಮುಂದಿನ ವರ್ಷ ನೋಡೋಣ. ಇಷ್ಟು ಸರಳವಾದ ಉಪಾಯ ನನ್ನ ತಲೆಗೆ ಅಷ್ಟು ಬೇಗ ಹೊಳೆದದ್ದಕ್ಕೆ ನಾನೇ ಬೆರಗಾದೆ.

ಮಲಗುವ ಚೀಲದ ಲೋಕದಲ್ಲಿ ಎರಡು ಜಾತಿಗಳಿವೆ. ಒಂದು ಬಾತುಕೋಳಿಯ ಪುಕ್ಕ ತುಂಬಿದ್ದು, ಇನ್ನೊಂದು ಸಿಂಥೆಟಿಕ್ ಎಳೆ ತುಂಬಿದ್ದು. ಪುಕ್ಕದ್ದು ಹಗುರ, ಬೆಚ್ಚಗೆ, ಮಡಚಿದರೆ ಒಂದು ತಂಬಿಗೆಯಷ್ಟಾಗುತ್ತದೆ. ಆದರೆ ನೆನೆದರೆ ಕೆಲಸಕ್ಕೆ ಬಾರದು, ಬೆಲೆ ಕೇಳಿದರೆ ಬೇಸಿಗೆಯಲ್ಲೇ ನಡುಕ ಬರುತ್ತದೆ. ಸಿಂಥೆಟಿಕ್ಕಿನದು ಅಗ್ಗ, ನೆನೆದರೂ ಸ್ವಲ್ಪ ಬೆಚ್ಚಗಿರುತ್ತದೆ, ಆದರೆ ತೂಕ ಹೆಚ್ಚು. ಇದರಲ್ಲಿ ಯಾವುದು ಎಂಬ ಪ್ರಶ್ನೆಯನ್ನೇ ನಾನು ಒಂದು ತಿಂಗಳು ಎಳೆಯಬಹುದಿತ್ತು. ನಮ್ಮ ಅವ್ವ ಒಂದೇ ನಿಮಿಷದಲ್ಲಿ ಮುಗಿಸಿದಳು. ದಿನಾ ಲಿಂಗಪೂಜೆಯಾಗದೆ ಬಾಯಲ್ಲಿ ನೀರು ಹಾಕದ ಮುದುಕಿ ಅವಳು. ಪುಕ್ಕ ಎಂದದ್ದೇ ತಡ, "ಕೋಳಿ ಪುಕ್ಕದಾಗ ಮಲಗತಾಳೇನೋ ಸೊಸಿ? ಅದನ್ನ ಈ ಮನಿ ಹೊಸ್ತಿಲಾ ದಾಟಿಸಬ್ಯಾಡ!" ಎಂದಳು. ಕೋಳಿಯಲ್ಲ, ಬಾತುಕೋಳಿ ಎಂದು ತಿದ್ದಲು ಹೋದೆ. "ಈಜಾಕ ಬಂದ್ರ ಅದು ಕೋಳಿ ಅಲ್ಲೇನು?" ಎಂದಳು. ಮೂವತ್ತು ಮಂದಿ ಹುಡುಗರ ಗಲಾಟೆಯನ್ನು ಅಡಗಿಸುವ ನಾನು ಅಲ್ಲಿಗೆ ಅಡಗಿದೆ.

ಹೀಗೆ ಸಿಂಥೆಟಿಕ್ ಎಂದು ತೀರ್ಮಾನವಾಯಿತು. ಇನ್ನು ಉಳಿದದ್ದು ಅಗ್ಗ ಮತ್ತು ಹಗುರ. ಇವೆರಡು ಸವತಿಯರಿದ್ದಂತೆ, ಒಂದೇ ಚೀಲದಲ್ಲಿ ಇರುವುದಿಲ್ಲ. ಇಳಕಲ್ಲಿನಿಂದ ಹುನಗುಂದಕ್ಕೆ ಹೋಗುವ ಬಸ್ಸಿನಲ್ಲಿ, ಶಾಲೆಯ ಬಿಡುವಿನಲ್ಲಿ, ಉತ್ತರಪತ್ರಿಕೆಗಳನ್ನು ತಿದ್ದುವ ನೆಪದಲ್ಲಿ, ನಾನು ಮೊಬೈಲಿನಲ್ಲಿ ಖರೀದಿದಾರರ ಅಭಿಪ್ರಾಯಗಳನ್ನು ಓದತೊಡಗಿದೆ. ಅವರ ಪ್ರಾಮಾಣಿಕತೆಯನ್ನು ಮೆಚ್ಚಲೇಬೇಕು. ಒಬ್ಬ, "ಬಹಳ ಒಳ್ಳೆಯ ಚೀಲ, ಇನ್ನೂ ಬಿಚ್ಚಿ ನೋಡಿಲ್ಲ" ಎಂದು ಐದು ನಕ್ಷತ್ರ ಕೊಟ್ಟಿದ್ದ. ಇನ್ನೊಬ್ಬ ಹಿಮಾಲಯದ ಚೀಲ ತರಿಸಿ ಚೆನ್ನೈನಲ್ಲಿ ಮಲಗಿ, "ತುಂಬಾ ಸೆಕೆ" ಎಂದು ಒಂದು ನಕ್ಷತ್ರ ಕೊಟ್ಟಿದ್ದ. ಮತ್ತೊಬ್ಬನಿಗೆ ಬಣ್ಣ ಹಿಡಿಸಿರಲಿಲ್ಲ. ಕಣ್ಣು ಮುಚ್ಚಿ ಮಲಗುವ ವಸ್ತುವಿನ ಬಣ್ಣ ಯಾರಿಗೆ ಬೇಕು ಸ್ವಾಮಿ? ಆದರೂ ನಾನು ಎಲ್ಲವನ್ನೂ ಓದಿದೆ. ಪಾಠದ ಪುಸ್ತಕವನ್ನು ಅಷ್ಟು ಶ್ರದ್ಧೆಯಿಂದ ಓದಿದ್ದರೆ ನಾನೀಗ ಎಲ್ಲೋ ಇರುತ್ತಿದ್ದೆ.

ಚೀಲದ ಮೇಲೆ ಬರೆಯುವ ಉಷ್ಣತೆಯ ಲೆಕ್ಕವಂತೂ ಇನ್ನೂ ಸೊಗಸು. ಒಂದು ಚೀಲಕ್ಕೆ ಮೂರು ಅಂಕಿಗಳು. ಮೊದಲನೆಯದರವರೆಗೆ ನೀವು ಹಾಯಾಗಿ ನಿದ್ದೆ ಮಾಡುತ್ತೀರಿ. ಎರಡನೆಯದರವರೆಗೆ ಮುದುರಿಕೊಂಡು ಹೇಗೋ ಕಳೆಯುತ್ತೀರಿ. ಮೂರನೆಯದರಲ್ಲಿ ನೀವು ಸಾಯುವುದಿಲ್ಲ, ಅಷ್ಟೇ, ಬೇರೇನೂ ಭರವಸೆಯಿಲ್ಲ. ಮಾರುವವರು ದೊಡ್ಡ ಅಕ್ಷರದಲ್ಲಿ ಹಾಕುವುದು ಈ ಮೂರನೆಯದನ್ನೇ. ನನಗೆ ತಟ್ಟನೆ ನಮ್ಮ ಮದುವೆಗೆ ಮೊದಲು ಎರಡೂ ಕಡೆಯ ಹಿರಿಯರು ಹೇಳಿಕೊಂಡ ಮಾತುಗಳು ನೆನಪಾದವು. ಅಲ್ಲಿ ಕೂಡ ಸಾಯುವುದಿಲ್ಲ ಎಂಬುದನ್ನೇ ಸುಖ ಎಂದು ಕರೆದಿದ್ದರು.

ಸುದ್ದಿ ಶಾಲೆಗೆ ಮುಟ್ಟಿತು. ನಮ್ಮ ಪಿ.ಟಿ. ಮಾಸ್ತರರಾದ ಮಾಳಪ್ಪನವರದು ಬೀರಪ್ಪನ ಒಕ್ಕಲು, ಮನೆತುಂಬ ಕುರಿ. ಅವರು, "ಏನ್ ಸರ್, ಕಂಬಳಿ ಇದ್ದ ನಾಡಿನ್ಯಾಗ ಪ್ಲಾಸ್ಟಿಕ್ ಚೀಲ ಹುಡುಕಾಕತ್ತೀರಿ! ಮಳಿ ಬಂದ್ರ ತಲಿ ಮ್ಯಾಲೆ ಕೊಪ್ಪಿ ಮಾಡಿ ಹಾಕ್ಕೋಬೇಕು, ಥಂಡಿ ಬಂದ್ರ ಹೊಚ್ಚಿಕೋಬೇಕು, ನಾಯಿ ಬಂದ್ರ ಝಾಡಿಸಬೇಕು. ನಿಮ್ಮ ಚೀಲ ನಾಯಿ ಓಡಿಸತೈತೇನ್ರಿ?" ಎಂದರು. ಈ ಕೊನೆಯ ಗುಣದ ಬಗ್ಗೆ ಯಾವ ಖರೀದಿದಾರನೂ ಏನೂ ಬರೆದಿರಲಿಲ್ಲ. ಮನೆಯಲ್ಲಿ ಅವ್ವ ತನ್ನ ಪೆಟ್ಟಿಗೆಯಿಂದ ಒಂದು ಕೌದಿ ತೆಗೆದು ನಡುಮನೆಯಲ್ಲಿ ಹಾಸಿದಳು. ಹಳೆಯ ಇಳಕಲ್ ಸೀರೆಗಳನ್ನು ಒಂದರ ಮೇಲೊಂದು ಇಟ್ಟು, ಸಾಲು ಸಾಲಾಗಿ ದಾರ ಎಳೆದು ಅವಳೇ ಹೊಲಿದದ್ದು. "ಇದನ್ನ ಒಯ್ಯಲಿ. ಇದರಾಗ ನಮ್ಮತ್ತಿ ಸೀರಿ ಐತಿ, ನಂದೈತಿ, ಸುವರ್ಣಾಂದೂ ಐತಿ. ಮೂರು ಮಂದಿ ಹಿಡಕೊಂಡಂಗ ಇರತೈತಿ" ಎಂದಳು. ಮಾತು ಚೆನ್ನಾಗಿತ್ತು. ಆದರೆ ಆ ಮೂರು ಮಂದಿಯ ತೂಕವೂ ಅದರಲ್ಲಿತ್ತು. ಅದನ್ನು ಹೊತ್ತುಕೊಂಡರೆ ಬೇರೇನನ್ನೂ ಹೊರುವಂತಿಲ್ಲ. ಸುವರ್ಣಾ ಅತ್ತೆಯ ಮನಸ್ಸು ನೋಯದ ಹಾಗೆ, "ಬಂದ ಮ್ಯಾಲೆ ಇದರಾಗ ಮಲಗತೇನಿ ಅತ್ತಿ" ಎಂದು ಮಡಚಿಟ್ಟಳು.

ಅವಳೇನು ಸುಮ್ಮನೆ ಕೂತಿರಲಿಲ್ಲ. ಭಾನುವಾರ ಬಂತೆಂದರೆ ನಾಲ್ವರೂ ಬೆನ್ನಿಗೆ ಜೋಳ ತುಂಬಿದ ಬ್ಯಾಗು ಕಟ್ಟಿಕೊಂಡು ಬಾದಾಮಿಗೆ ಹೋಗಿ ಗುಡ್ಡ ಹತ್ತಿ ಇಳಿದು ಬರುತ್ತಿದ್ದರು. ಒಂದು ಸಲ ನಾನೂ ಹೋದೆ, ಉಸ್ತುವಾರಿಗೆ. ಗುಹೆಗಳ ಮೆಟ್ಟಿಲು ಅರ್ಧ ಮುಗಿಯುವಷ್ಟರಲ್ಲಿ ಮಂಗವೊಂದು ನನ್ನ ಕೈಯಲ್ಲಿದ್ದ ಬಾಳೆಹಣ್ಣು ಕಸಿದುಕೊಂಡಿತು. ಹಣ್ಣಿಲ್ಲದೆ ಶಕ್ತಿ ಎಲ್ಲಿಂದ ಬರಬೇಕು ಎಂಬ ವೈಜ್ಞಾನಿಕ ಕಾರಣಕ್ಕಾಗಿ ನಾನು ಕೆಳಗಿಳಿದು ಕಬ್ಬಿನ ಹಾಲಿನ ಅಂಗಡಿಯಲ್ಲಿ ಕುಳಿತೆ. ಮೇಲೆ ಕೆಂಪು ಬಂಡೆಯ ತುದಿಯಲ್ಲಿ ಸುವರ್ಣಾ ನಿಂತಿದ್ದಳು. ಸೆರಗು ಸೊಂಟಕ್ಕೆ ಸಿಕ್ಕಿಸಿ, ಕೈಯನ್ನು ಹಣೆಗೆ ಅಡ್ಡ ಹಿಡಿದು, ಎಲ್ಲೋ ದೂರ ನೋಡುತ್ತಿದ್ದಳು. ನನ್ನ ಕಡೆಗಂತೂ ಅಲ್ಲ. ಅವಳನ್ನು ಅಷ್ಟು ಖುಷಿಯಾಗಿ ನಾನು ಇತ್ತೀಚೆಗೆ ನೋಡಿರಲಿಲ್ಲ. ನನಗೆ ಹೆದರಿಕೆಯಾಯಿತು. ಬಿದ್ದಾಳೆಂದಲ್ಲ, ಇನ್ನು ಇವಳನ್ನು ಇಳಿಸುವುದು ಕಷ್ಟ ಎಂದು.

ಏಪ್ರಿಲ್ ಬಂತು. ಇನ್ನು ಎಳೆದರೆ ನನ್ನ ಬಣ್ಣ ಬಯಲಾಗುತ್ತಿತ್ತು. ಕೊನೆಗೆ ಒಂದು ನೀಲಿ ಸಿಂಥೆಟಿಕ್ ಚೀಲ ತರಿಸಿದೆ. ಅಗ್ಗವೂ ಅಲ್ಲ ದುಬಾರಿಯೂ ಅಲ್ಲ, ಹಗುರವೂ ಅಲ್ಲ ಭಾರವೂ ಅಲ್ಲ, ನನ್ನ ಸ್ವಭಾವದ್ದೇ. ಕಾಲಿನ ಕಡೆ ಸಣ್ಣದಾಗಿ, ಹೆಗಲಿನ ಕಡೆ ಅಗಲವಾಗಿ, ತಲೆಗೊಂದು ಟೊಪ್ಪಿಗೆಯಿತ್ತು. ಅವ್ವ ಅದನ್ನು ನೋಡಿ, "ಹೆಣಾ ಕಟ್ಟಿದಂಗ ಐತಲ್ಲೋ!" ಎಂದು ಬಾಯಿ ಮೇಲೆ ಕೈಯಿಟ್ಟಳು. ಸುವರ್ಣಾ ಎತ್ತಿ ನೋಡಿ, "ಹಗುರೈತಿ. ಆತಲ್ರಿ, ಮುಗೀತು" ಎಂದಳು.

ಮುಗಿಯಿತೇ? ನಾನೆಂದೆ, "ಹಂಗಂದ್ರ ಹೆಂಗ? ಪರೀಕ್ಷಾ ಆಗಬೇಕು. ಥಂಡ್ಯಾಗ ಕೆಲಸ ಮಾಡತೈತೋ ಇಲ್ಲೋ ಯಾರಿಗೆ ಗೊತ್ತು? ಫೇಲಾದ್ರ ನಾ ನಿನ್ನ ಕಳಸಂಗಿಲ್ಲ ನೋಡು." ಇದು ನನ್ನ ಕೊನೆಯ ಬಾಣ. ಹೊರಗೆ ನಲವತ್ತು ಡಿಗ್ರಿ ಬಿಸಿಲು, ನಾಯಿಗಳು ಗಟಾರದಲ್ಲಿ ಮಲಗಿದ್ದವು. ಏಪ್ರಿಲಿನ ಇಳಕಲ್ಲಿನಲ್ಲಿ ಥಂಡಿಯನ್ನು ಎಲ್ಲಿಂದ ತರುತ್ತಾರೆ? ಸುವರ್ಣಾ ಒಂದು ಕ್ಷಣ ನನ್ನ ಮುಖ ನೋಡಿದಳು. ಆಮೇಲೆ ತಣ್ಣಗೆ, "ನಿಮ್ಮ ಮೆಹಬೂಬಣ್ಣನ ಕೋಲ್ಡ್ ಸ್ಟೋರೇಜ್ ಐತಲ್ರಿ" ಎಂದಳು.

ಮೆಹಬೂಬ ನನ್ನ ಜೊತೆ ಸಾಲಿ ಕಲಿತವನು. ಹುನಗುಂದದ ರಸ್ತೆಯಲ್ಲಿ ಒಣಮೆಣಸಿನಕಾಯಿ ಇಡುವ ಕೋಲ್ಡ್ ಸ್ಟೋರೇಜಿಗೆ ಮ್ಯಾನೇಜರು. ಸುಗ್ಗಿಯ ಮೆಣಸಿನಕಾಯಿ ಬಣ್ಣ ಕೆಡದಂತೆ ರೈತರೂ ವ್ಯಾಪಾರಸ್ಥರೂ ಅಲ್ಲಿ ಚೀಲಗಟ್ಟಲೆ ಇಡುತ್ತಾರೆ. ನಾನು ಶನಿವಾರ ಮಧ್ಯಾಹ್ನ ಶಾಲೆ ಬಿಟ್ಟ ಮೇಲೆ ನೀಲಿ ಚೀಲವನ್ನು ಬಗಲಲ್ಲಿ ಹಿಡಿದು ಹೋಗಿ ವಿಷಯ ಹೇಳಿದಾಗ ಅವನು ನಗಲಿಲ್ಲ. ಅದೇ ಅವನ ಕೆಟ್ಟ ಗುಣ. ಗಂಭೀರವಾಗಿ, "ಮೆಣಸಿನಕಾಯಿ ಮಲಗೂ ಖೋಲ್ಯಾಗ ಮಾಸ್ತರ ಮಲಗಿದ್ದು ಇದೇ ಮೊದಲು. ಬಾ, ಜಾಗಾ ಮಾಡಿ ಕೊಡ್ತೇನಿ" ಎಂದ. ದಪ್ಪ ಬಾಗಿಲು ತೆಗೆದೊಡನೆ ಥಂಡಿ ಮೈಗೆ ಬಡಿಯಿತು, ಘಾಟು ಮೂಗಿಗೆ. ಇದ್ದ ಐದು ಡಿಗ್ರಿಯಲ್ಲಿ ನಾನು ಐದು ಸಲ ಸೀನಿದೆ.

ಚೀಲಗಳ ಎರಡು ಗೋಡೆಗಳ ನಡುವಿನ ಸಂದಿಯಲ್ಲಿ ಒಂದು ಗೋಣಿತಟ್ಟು ಹಾಸಿ, ನನ್ನನ್ನು ಒಳಗಿಳಿಸಿ, ಜಿಪ್ಪನ್ನು ಗದ್ದದವರೆಗೂ ಎಳೆದು, ಮೆಹಬೂಬ, "ಚಾ ಕುಡುದು ಬರ್ತೇನಿ. ಬಾಗಿಲಕ್ಕ ಕೀಲಿ ಹಾಕಂಗಿಲ್ಲ, ಹೆದರಬ್ಯಾಡಲೇ" ಎಂದು ಹೋದ. ಮೊದಲು ಮೂಗಿನ ತುದಿ ಮರಗಟ್ಟಿತು. ಐದು ಡಿಗ್ರಿಗೇ ಹೀಗೆ. ಅಲ್ಲಿ ಹಿಮದ ಮೇಲೆ, ಗಾಳಿಯಲ್ಲಿ, ಒಂದು ಬಟ್ಟೆಯ ಡೇರೆಯಲ್ಲಿ ಹೇಗಿರಬೇಡ! ಥಂಡಿಗೆ ಅವಳ ಎಡ ಮೊಣಕಾಲು ಹಿಡಿಯುತ್ತದೆ. ಮುಲಾಮು ತಿಕ್ಕುವವರು ಯಾರು? ನಾನಿಲ್ಲಿ ಆಟ ಆಡುತ್ತಿದ್ದೇನೆ, ಅವಳು ಖರೇ ಹೋಗುತ್ತಾಳೆ ಎಂಬುದು ನನಗೆ ಆಗ, ಆ ಮೆಣಸಿನಕಾಯಿಗಳ ನಡುವೆ, ಮೊದಲ ಸಲ ಸರಿಯಾಗಿ ಅರ್ಥವಾಯಿತು. ದೇವರೇ, ಈ ದರಿದ್ರ ಚೀಲ ಬೆಚ್ಚಗಿರಲಿ ಎಂದುಕೊಂಡೆ. ಬೆಚ್ಚಗಿಲ್ಲದಿರಲಿ ಎಂದು ಹಾರೈಸಿ ಬಂದವನು ನಾನೇ. ಚೀಲ ಯಾರ ಮಾತನ್ನೂ ಕೇಳದೆ ತನ್ನ ಕೆಲಸ ಮಾಡಿತು. ಪಾದ ಬೆಚ್ಚಗಾಯಿತು, ಬೆನ್ನು ಬೆಚ್ಚಗಾಯಿತು, ಆಮೇಲೆ ನನಗೆ ಏನೂ ಗೊತ್ತಿಲ್ಲ.

ಎಚ್ಚರವಾದದ್ದು ಯಾರೋ ನನ್ನ ಕಾಲಿನ ಕಡೆಯನ್ನು ಅಪ್ಪಿ ಹಿಡಿದು ಎಳೆದಾಗ. ಲೋಡಿಂಗಿಗೆ ಬಂದ ಹಮಾಲ. ಅವನ ಇನ್ನೊಂದು ಕೈಯಲ್ಲಿ ಚೀಲಕ್ಕೆ ಸಿಕ್ಕಿಸುವ ಕಬ್ಬಿಣದ ಕೊಕ್ಕೆ ಹೊಳೆಯಿತು. ನಾನು ಪ್ರಾಣ ಹೋಗುವಂತೆ ಕಿರುಚಿದೆ. ಅವನು ನನಗಿಂತ ಜೋರಾಗಿ ಕಿರುಚಿ, "ಮೆಹಬೂಬಣ್ಣಾ, ಓಡಿ ಬರ್ರಿ! ಚೀಲಾ ಒದರಾಕತ್ತೈತಿ!" ಎಂದು ಹೊರಗೋಡಿದ. ನಾನು ಜಿಪ್ಪು ಎಳೆದೆ, ಬರಲಿಲ್ಲ. ಒಳಗಿನ ಅಸ್ತರಿಯ ಬಟ್ಟೆ ಹಲ್ಲಿಗೆ ಸಿಕ್ಕಿಕೊಂಡಿತ್ತು. ಎಲ್ಲರ ಅಭಿಪ್ರಾಯ ಓದಿದ್ದ ನನಗೆ ಜಿಪ್ಪು ಸಿಕ್ಕಿಕೊಂಡರೆ ಏನು ಮಾಡಬೇಕೆಂದು ಯಾರೂ ಹೇಳಿರಲಿಲ್ಲ. ಮೆಹಬೂಬ ಬಂದು ಜಗ್ಗಿದ, ಹಮಾಲರು ಜಗ್ಗಿದರು, ಆಗಲಿಲ್ಲ. ಕೊನೆಗೆ ಇಬ್ಬರು ನನ್ನನ್ನು ಹೊತ್ತು ಹೊರಗೆ ತಂದು, ಬೇರೆ ಜಾಗವಿಲ್ಲದೆ, ತೂಕದ ಕಾಟಾದ ಮೇಲೆ ಮಲಗಿಸಿದರು. ಹೊರಗಿನ ನಲವತ್ತು ಡಿಗ್ರಿಯಲ್ಲಿ, ಗದ್ದದವರೆಗೂ ಮುಚ್ಚಿದ ಹಿಮಾಲಯದ ಚೀಲದಲ್ಲಿ, ಮುಖಕ್ಕೆಲ್ಲ ಮೆಣಸಿನಕಾಯಿಯ ಧೂಳು ಬಳಿದುಕೊಂಡು ನಾನು ಬಿದ್ದಿದ್ದೆ. ಕಾಟಾ ನನ್ನ ತೂಕವನ್ನು ಕೆಂಪು ಅಕ್ಷರದಲ್ಲಿ ಎಲ್ಲರಿಗೂ ತೋರಿಸುತ್ತಿತ್ತು.

"ಕತ್ತರಿಲೆ ಕತ್ತರಿಸಿ ಬಿಡಲೇ" ಎಂದೆ. "ಬ್ಯಾಡಪಾ, ತಂಗಿ ಒಯ್ಯೂ ಸಾಮಾನು ಅದು. ಆಕಿನ್ನೇ ಕರದೇನಿ, ಗುಡೂರಿನಿಂದ ಬಸ್ಸಿನ್ಯಾಗ ಬರಾಕತ್ತಾಳ" ಎಂದ ಮೆಹಬೂಬ. ಸುವರ್ಣಾ ಬಂದಳು. ಬಂದವಳು ನಗಲಿಲ್ಲ, ಸಿಟ್ಟಾಗಲಿಲ್ಲ. ದಿನಾ ಗಾಯ ನೋಡುವ ಕಣ್ಣಿನಿಂದ ಜಿಪ್ಪನ್ನು ನೋಡಿ, ಬ್ಯಾಗಿನಿಂದ ಬ್ಯಾಂಡೇಜಿನ ಕತ್ತರಿ ತೆಗೆದು, ಸಿಕ್ಕಿದ್ದ ಅಸ್ತರಿಯನ್ನು ಕಚಕ್ಕೆಂದು ಕತ್ತರಿಸಿ ಬಿಡಿಸಿದಳು. ನಾನು ಬೆವರಿನಲ್ಲಿ ತೊಯ್ದು ಎದ್ದು ಕುಳಿತೆ. ಆಗ ಕೇಳಿದಳು:

"ಬೆಚ್ಚಗಿತ್ತೇನ್ರಿ?"

ಎಲ್ಲರೂ ನನ್ನ ಬಾಯಿ ನೋಡಿದರು. ಇಲ್ಲ ಎಂದಿದ್ದರೆ ಸಾಕಿತ್ತು. ಇನ್ನೊಂದು ಚೀಲ ಹುಡುಕಲು ನನಗೆ ಮತ್ತೆರಡು ತಿಂಗಳು ಬೇಕಿತ್ತು, ಕಳುಹಿಸುವುದಿಲ್ಲ ಎಂದು ನಾನು ಮೊದಲೇ ಹೇಳಿದ್ದೆ. ನಾನು ಬಾಯಿ ತೆರೆದೆ. ಏನು ಹೇಳುತ್ತಿದ್ದೆನೋ ನನಗೂ ಗೊತ್ತಿಲ್ಲ. ಅಷ್ಟರಲ್ಲಿ ಕೊಕ್ಕೆಯ ಹಮಾಲ ನಡುವೆ ಬಂದು, "ಅಕ್ಕಾರ, ಇವ್ರು ಒಳಗ ಗೊರಕಿ ಹೊಡ್ಯಾಕತ್ತಿದ್ರು. ನಾನು ಮಷಿನ್ ಕೆಟ್ಟೈತಿ ಅಂತ ತಿಳಕೊಂಡಿದ್ದೆ" ಎಂದ.

"ಹಂಗಾರ ಪಾಸಾತು" ಎಂದಳು ಸುವರ್ಣಾ, ಕತ್ತರಿಯನ್ನು ಒರೆಸಿ ಒಳಗಿಡುತ್ತಾ.

ಹರಿದ ಅಸ್ತರಿಯನ್ನು ಅವ್ವ ತಾನೇ ಹೊಲಿಯುತ್ತೇನೆಂದು ಇಸಿದುಕೊಂಡಳು. ಮೆಣಸಿನಕಾಯಿಗಳ ನಡುವೆ ಮಲಗಿ ಬಂದದ್ದೇ ನಾನು ಒಂದೊಂದು ಗ್ರಾಮಿಗೂ ಜೀವ ಬಿಡತೊಡಗಿದ್ದೆ. ಚೀಲದ ಕಂಪನಿಯ ಚೀಟಿಯನ್ನು ಕತ್ತರಿಸಿ ಒಗೆದಿದ್ದೆ, ಸುವರ್ಣಾಳ ಹಲ್ಲುಜ್ಜುವ ಬ್ರಷ್ಷಿನ ಹಿಡಿಕೆಯನ್ನು ಅರ್ಧ ಮುರಿದಿದ್ದೆ. ಮರುದಿನ ನೋಡಿದರೆ, ನೀಲಿ ಚೀಲದ ಎದೆಯ ಒಳಬದಿಗೆ ಇಳಕಲ್ ಸೀರೆಯ ಕೆಂಪು ಸೆರಗಿನ ಅಂಗೈಯಗಲದ ತೇಪೆ, ಕೌದಿಯ ಹೊಲಿಗೆಯಲ್ಲಿ. ಮುಟ್ಟಿದರೆ ಅದರೊಳಗೆ ಏನೋ ಕಟಕ್ಕೆಂದಿತು. "ಏನಬೇ ಇದು?" ಎಂದೆ. "ಸಜ್ಜಿ ರೊಟ್ಟಿ ಚೂರು. ಹೊದ್ಯಾಕ ಹೊಲದದ್ದನ್ನ ಖಾಲಿ ಹೊಟ್ಟೀಲೆ ಮುಚ್ಚಬಾರದು. ಕೌದಿಗೂ ಹಂಗ, ಇದಕ್ಕೂ ಹಂಗ. ಅದರ ಹೊಟ್ಟಿ ತುಂಬಿದ್ರ ಮಲಗಿದವರ ಹೊಟ್ಟಿ ತಣ್ಣಗಿರತೈತಿ" ಎಂದಳು. ನಮ್ಮ ಮನೆಯಲ್ಲಿ ಕೌದಿಯ ಕೊನೆಯ ಮೂಲೆ ಹೊಲಿಯುವಾಗ ಹೀಗೆ ಮಾಡುವುದು ನನಗೆ ಗೊತ್ತು. ಆದರೆ ಹಗುರತನಕ್ಕಾಗಿಯೇ ಹುಟ್ಟಿದ ಸಿಂಥೆಟಿಕ್ ಚೀಲಕ್ಕೆ ರೊಟ್ಟಿ ಉಣ್ಣಿಸುತ್ತಾರೆಂದು ನಾನು ಎಣಿಸಿರಲಿಲ್ಲ. "ತೂಕ ಆಗತೈತಬೇ!" ಎಂದು ಕೂಗಾಡಿದೆ. ಸುವರ್ಣಾ ತೇಪೆಯನ್ನು ಸವರಿ, "ಇರ್ಲಿ ಬಿಡ್ರಿ" ಎಂದು ಮಡಚಿ ಬ್ಯಾಗಿಗೆ ಹಾಕಿದಳು.

ಹೋದಳು. ಬಾಗಲಕೋಟೆ ಸ್ಟೇಷನ್ನಿನಲ್ಲಿ ರೈಲು ಹೊರಟಾಗ ನಾನು ಕಿಟಕಿಯ ಪಕ್ಕ ಓಡುತ್ತಾ, "ಟೊಪ್ಪಿಗಿ ದಾರ ಬಿಗಿಯಾಗಿ ಕಟ್ಟಬ್ಯಾಡ, ಉಸಿರಿನ ಹಸಿ ಒಳಗ ಕೂಡತೈತಿ!" ಎಂದು ಒದರಿದೆ. ಇಷ್ಟು ವರ್ಷದ ಸಂಸಾರದಲ್ಲಿ ಬೀಳ್ಕೊಡುವಾಗ ಹೇಳಬೇಕಾದ ಮಾತು ಅದೇ ಇತ್ತೇ? ಬೇರೆಯದಿತ್ತು. ಬಾಯಿಗೆ ಬಂದದ್ದು ಅದು.

ಆಮೇಲೆ ಮನೆ ಖಾಲಿ ಹೊಡೆಯತೊಡಗಿತು. ಜಗಳಕ್ಕೂ ಜನವಿಲ್ಲ. ನಾಲ್ಕೈದು ದಿನದ ಮೇಲೆ, ಎಲ್ಲೋ ಸಿಗ್ನಲ್ ಸಿಗುವ ದಿಬ್ಬ ಹತ್ತಿ ಅವಳು ಫೋನ್ ಮಾಡಿದಳು. ನಾನು ಮೊದಲು ಕೇಳಿದ್ದು, "ಚೀಲ ಹೆಂಗೈತಿ?"

"ಭಾಳ ಚಲೋ ಐತ್ರಿ. ಮೆಣಸಿನಕಾಯಿ ಘಾಟಿಗೆ ಡೇರೆದಾಗ ಎಲ್ಲಾರೂ ಸೀನಾಕತ್ತಾರ. ಇವ್ರು ಕೊಟ್ಟ ಚೀಲದೊಳಗ ನಿಮ್ಮ ಚೀಲ ಹಾಕಿ, ಅದರೊಳಗ ನಾ ಮಲಗತೇನಿ."

"ಇವ್ರು ಕೊಟ್ಟ ಚೀಲ?"

"ಕ್ಯಾಂಪಿನ್ಯಾಗ ಅವರೇ ಕೊಡ್ತಾರ್ರಿ, ಎಲ್ಲಾರಿಗೂ. ನಾ ನಿಮಗ ಹೇಳಿದ ಎರಡನೇ ದಿನಾನೇ ಗೊತ್ತಾಗಿತ್ತು."

"ಮತ್ತ ಯಾಕ ಹೇಳಲಿಲ್ಲ?" ನನ್ನ ದನಿ ಕೀರಲಾಗಿತ್ತು.

"ಅಷ್ಟರಾಗ ನೀವು ಹುಡುಕಾಕ ಹತ್ತಿದ್ರಿ. ಚೀಲ ಬ್ಯಾಡ ಅಂದಿದ್ರ ನೀವು ನನ್ನ ಮೊಣಕಾಲಿನ ನೆಪಕ್ಕ ಬರ್ತಿದ್ರಿ. ಆಮ್ಯಾಲೆ ಅತ್ತಿ ಬಿಪಿಗೆ. ನಿಮಗ ನನ್ನ ಕಳಸಾಕ ಮನಸಿಲ್ಲ ಅನ್ನೂದು ನನಗ ಗೊತ್ತಿಲ್ಲೇನ್ರಿ? ಅದಕ್ಕ ನಿಮ್ಮ ಗಮನ ಚೀಲದಾಗ ಇರ್ಲಿ ಅಂತ ಬಿಟ್ಟೆ. ಆದ್ರ ಚೀಲ ತಂದಿದ್ದು ಚಲೋ ಆತ್ರಿ. ಇಲ್ಲಿ ಒಂದು ಚೀಲಕ್ಕ ಥಂಡಿ ಹೋಗಂಗಿಲ್ಲ. ನಿಮ್ಮದೂ ಬೇಕಾತು."

ನಾನು ಫೋನನ್ನು ಈ ಕಿವಿಯಿಂದ ಆ ಕಿವಿಗೆ ಬದಲಿಸಿಕೊಂಡೆ.

"ಮುಂದಿನ ವರ್ಷ ಇನ್ನೊಂದು ಗುಡ್ಡ ಐತಂತ್ರಿ, ಇದಕ್ಕಿಂತ ಎತ್ತರ" ಎಂದಳು. "ಅದಕ್ಕ ಹಿಮದಾಗ ಜಾರದಂಥಾ ಬೂಟು ಬೇಕಾಗತಾವು. ನೋಡ್ತೀರೇನು?"

"ನನಗೇನ್ ಬ್ಯಾರೆ ಕೆಲಸಾ ಇಲ್ಲೇನು? ನಾ ಏನ್ ಹುಚ್ಚ ಅನ್ಕೊಂಡೀಯೇನು? ಇನ್ನ ನಿನ್ನ ಸಾಮಾನಿಗೆ ನಾ ಕೈ ಹಚ್ಚಂಗಿಲ್ಲ!" ಎಂದು ಖಡಾಖಂಡಿತವಾಗಿ ಹೇಳಿ ಫೋನಿಟ್ಟೆ. ಒಬ್ಬ ಗಂಡಸಿಗೆ ಸ್ವಾಭಿಮಾನ ಎಂಬುದೊಂದು ಇರಬೇಕು. ಅದನ್ನು ಹಿಡಿದುಕೊಂಡು ನಾನು ಒಂದು ಲೋಟ ಚಹಾ ಮುಗಿಯುವವರೆಗೂ ಗಟ್ಟಿಯಾಗಿ ಕುಳಿತಿದ್ದೆ. ಆಮೇಲೆ ಮೆಹಬೂಬನಿಗೆ ಫೋನ್ ಮಾಡಿ, ಬಾಗಲಕೋಟೆಯಲ್ಲಿ ಐಸ್ ಫ್ಯಾಕ್ಟರಿ ಇಟ್ಟವರು ಯಾರಾದರೂ ಗುರುತಿದ್ದಾರೇನಲೇ ಎಂದು ಕೇಳಿದೆ.